ಕೆರೆ ದಡದ ಚಪ್ಪಲಿ

ಪುಟ್ಟೇನಹಳ್ಳಿ ಕೆರೆಯ ದಡದಲ್ಲಿ ಮೊದಲು ಕಂಡದ್ದು ಚಪ್ಪಲಿ. ಪಕ್ಕದಲ್ಲಿ ನೀಲಿ ಅಂಗಿ. ಅಂಗಿಯ ಮೇಲೆ ಊಟದ ಡಬ್ಬಿಯ ಚೀಲ. ಬೆಳಿಗ್ಗೆ ದನಗಳನ್ನು ನೀರಿಗಿಳಿಸಲು ಬಂದವರು ನೋಡಿ ಕೂಗಿಕೊಂಡರು. ಇನ್‌ಸ್ಪೆಕ್ಟರ್ ಗುರುಪಾದಪ್ಪ ಯಲಹಂಕದಿಂದ ಜೀಪಿನಲ್ಲಿ ಬಂದಿಳಿಯುವಷ್ಟರಲ್ಲಿ ಈಜು ಬಲ್ಲವರು ಆಗಲೇ ನೀರಿನಲ್ಲಿ ಮುಳುಗಿ ಹುಡುಕುತ್ತಿದ್ದರು.

"ಯಾರದು?"

"ನರಸಿಂಹಯ್ಯ ಅಂತ ಸಾರ್," ಎಂದ ಕಾನ್‌ಸ್ಟೇಬಲ್ ಚಿಕ್ಕಹನುಮಯ್ಯ. "ಇದೇ ಊರೋನು. ವಯಸ್ಸು ಇಪ್ಪತ್ತಾರು, ಬುದ್ಧಿ ಮಾತ್ರ ಬೆಳೆದಿಲ್ಲ. ಆರ್.ಟಿ. ನಗರದಲ್ಲಿ ಇಂಥೋರಿಗೆ ಕೆಲಸ ಕಲಿಸೋ ಕೇಂದ್ರ ಇದೆಯಲ್ಲ, ಅಲ್ಲಿಗೆ ಹೋಗ್ತಿದ್ದ. ನಿನ್ನೆ ಸಾಯಂಕಾಲ ವಾಪಸ್ ಬಂದಿಲ್ಲ."

ಗುರುಪಾದಪ್ಪ ಕುಕ್ಕರಗಾಲಿನಲ್ಲಿ ಕೂತು ನೋಡಿದರು. ಚಪ್ಪಲಿಗಳು ಜೋಡಿಯಾಗಿ ಕೆರೆಯತ್ತ ಮುಖ ಮಾಡಿದ್ದವು. ಆದರೆ ಎಡಗಾಲಿನದು ಬಲಕ್ಕಿತ್ತು, ಬಲಗಾಲಿನದು ಎಡಕ್ಕೆ. ಎರಡರ ಹೊರ ಅಂಚಿನಲ್ಲೂ ಒಂದೊಂದು ಸಣ್ಣ ಕೆಂಪು ಚುಕ್ಕೆ.

"ಎಂಗ್ ಬಿಟ್ಟವ್ನೆ ನೋಡಿ ಸಾರ್, ಅದಲು ಬದಲು!"

ಹಿಂದಿನಿಂದ ಬಂದ ದನಿ ಒಡೆದಿತ್ತು. ನರಸಿಂಹಯ್ಯನ ಅಣ್ಣ ಪಿಳ್ಳಪ್ಪ. ಮದುವೆಯಾದ ಮೇಲೆ ಟಿ. ದಾಸರಹಳ್ಳಿಯಲ್ಲಿ ಮನೆ ಮಾಡಿಕೊಂಡು ಕಟ್ಟಡದ ಗುತ್ತಿಗೆ ಹಿಡಿದವನು. ಸುದ್ದಿ ಕೇಳಿ ಮೋಟಾರ್ ಸೈಕಲ್ಲಿನಲ್ಲಿ ಧಾವಿಸಿದ್ದ.

"ಚಿಕ್ಕೋನಾಗಿದ್ದಾಗಿಂದ್ಲೂ ಇಂಗೇ ಸಾರ್. ಎಡ ಯಾವ್ದು, ಬಲ ಯಾವ್ದು ತಿಳೀದು. ಇಂಥೋನ್ನ ಒಬ್ಬನ್ನೇ ಬಸ್ಸಿಗೆ ಅತ್ತಿಸವ್ರೆ ಆ ಮೇಷ್ಟ್ರು! ಮೊದ್ಲು ಅವ್ರನ್ನ ಒಳಗಾಕಿ. ಆ ಕೇಂದ್ರಾನೇ ಮುಚ್ಚಿಸ್ಬೇಕು."

ಸ್ವಲ್ಪ ದೂರದಲ್ಲಿ, ಹೊಂಗೆ ಮರದ ಬುಡದಲ್ಲಿ, ತಾಯಿ ಪಟಾಲಮ್ಮ ಕೂತಿದ್ದಳು. ಅಳುತ್ತಿರಲಿಲ್ಲ. ಮುಳುಗಿ ಏಳುವ ತಲೆಗಳನ್ನೇ ನೋಡುತ್ತಿದ್ದಳು.

"ನನ್ ಮಗ ನೀರಿಗಿಳಿಯಾಕಿಲ್ಲ ಸ್ವಾಮಿ," ಎಂದಳು. "ನೀರು ಅಂದ್ರೆ ಅವ್ನಿಗೆ ಬಯ. ಸುಮ್ಕೆ ಉಡುಕ್ತಾವ್ರೆ."

"ಹಾಗಾದ್ರೆ ಎಲ್ಲಿ ಹೋದ?"

ಅವಳು ತಲೆಯಾಡಿಸಿ ಮತ್ತೆ ನೀರಿನತ್ತ ತಿರುಗಿದಳು.

ಬಸ್ಸಿನ ಕಂಡಕ್ಟರನನ್ನೂ ದಾರಿಯ ತೋಟದವರನ್ನೂ ವಿಚಾರಿಸಿ ಗುರುಪಾದಪ್ಪ ಆರ್.ಟಿ. ನಗರಕ್ಕೆ ಹೊರಟರು. 'ಒಡನಡೆ' ಕೇಂದ್ರ ಒಂದು ಬಾಡಿಗೆ ಮನೆಯಲ್ಲಿತ್ತು. ಬಾಗಿಲಲ್ಲೇ ಮನೆಯ ಯಜಮಾನ ಶೇಷಗಿರಿ ಎದುರಾದರು. ಬ್ಯಾಂಕಿನಿಂದ ನಿವೃತ್ತರಾದವರು, ಮಹಡಿಯಲ್ಲಿ ವಾಸ.

"ನಾನು ಮೊದಲೇ ಹೇಳಿದ್ದೆ ಕಣ್ರೀ! ಸಂಕ್ರಾಂತಿಗೆ ಇವರು ಇಲ್ಲಿಗೆ ಬಂದಾಗಿನಿಂದ ಬೀದಿಯೋರೆಲ್ಲ ನನ್ನನ್ನೇ ಬೈತಾರೆ. ಈ ತಿಂಗಳೇ ಖಾಲಿ ಮಾಡಿಸ್ತೀನಿ."

"ಅಂದ್ರೆ ಈ ಕೇಂದ್ರ ಮುಚ್ಚಿದ್ರೆ ನಿಮಗೆ ಸಂತೋಷ?"

ಶೇಷಗಿರಿ ಒಂದು ಹೆಜ್ಜೆ ಹಿಂದೆ ಸರಿದರು. "ಅಯ್ಯೋ, ಹಾಗಂದ್ರೆ... ಯಾರಾದ್ರೂ ಸಾಯಲಿ ಅಂತ ಬಯಸ್ತೀನೇನ್ರೀ?"

ಒಳಗೆ, ಕೇಂದ್ರವನ್ನು ಕಟ್ಟಿದ ಅಲಮೇಲು ಟೆಲಿಫೋನಿನ ಮುಂದೆ ಕೂತಿದ್ದರು. ಮೇಷ್ಟ್ರು ಸೇತುರಾಮ ಗೋಡೆಗೊರಗಿ ನಿಂತಿದ್ದರು. ತರುಣ, ನಿದ್ದೆಗೆಟ್ಟ ಕಣ್ಣು.

"ಅವನನ್ನ ಒಬ್ಬನೇ ಬಸ್ಸಿಗೆ ಹತ್ತಿಸಿದ್ದು ನೀವಾ?"

"ಹೌದು ಸಾರ್."

"ಯಾಕೆ?"

"ಕಲಿತಿದ್ದ, ಅದಕ್ಕೆ." ಸೇತುರಾಮ ಗೋಡೆ ಬಿಟ್ಟು ಮುಂದೆ ಬಂದರು. "ಮೊದಲು ಪಕ್ಕದ ಸೀಟಲ್ಲಿ ಕೂತ್ಕೊಂಡು ಹೋದೆ. ಆಮೇಲೆ ಹಿಂದಿನ ಸೀಟಲ್ಲಿ. ಆಮೇಲೆ ಅವನೊಬ್ಬನೇ ಬರ್ಲಿ ಅಂತ ಸ್ಟಾಪಲ್ಲಿ ಕಾದೆ. ಬಂದ. ದಿನಾ ಬಂದ ಸಾರ್!"

"ನಿನ್ನೆಯೂ ಸರಿಯಾಗಿ ಇಳಿದಿದ್ದಾನೆ. ಕಂಡಕ್ಟರ್ ನೋಡಿದ್ದಾನೆ. ಸ್ಟಾಪಿನಿಂದ ಮನೆಗೆ ಕಾಲುದಾರಿ ಅಷ್ಟೇ. ನಡುವೆ ಯಾರಾದ್ರೂ ಕರೆದಿದ್ರೆ ಹೋಗ್ತಿದ್ನಾ?"

"ಗೊತ್ತಿಲ್ಲದೋರು ಕೈ ಹಿಡಿದ್ರೆ ಕಿರುಚ್ತಾನೆ. ಅದನ್ನೂ ಕಲಿಸಿದ್ದೀವಿ."

"ದಾರಿ ಪಕ್ಕದ ತೋಟದಲ್ಲಿ ಜನ ಇದ್ರು. ಯಾರೂ ಕಿರುಚಾಟ ಕೇಳಿಲ್ಲ."

ಅಲಮೇಲು ನಿಧಾನವಾಗಿ ತಲೆಯೆತ್ತಿದರು.

"ಇನ್‌ಸ್ಪೆಕ್ಟರೇ, ಇದು ಇದಕ್ಕೆ ಸಂಬಂಧವೋ ಅಲ್ಲವೋ ಗೊತ್ತಿಲ್ಲ. ಇಲ್ಲಿಗೆ ಬರೋ ಪ್ರತಿಯೊಬ್ಬ ತಾಯಿಗೂ ಒಂದೇ ಚಿಂತೆ. ನಾನು ಸತ್ತ ಮೇಲೆ ಇವನ ಗತಿ ಏನು? ಪಟಾಲಮ್ಮ ಅದಕ್ಕೊಂದು ದಾರಿ ಹುಡುಕಿದ್ರು. ಕೆರೆ ಪಕ್ಕದ ಜಮೀನಲ್ಲಿ ನರಸಿಂಹಯ್ಯನ ಪಾಲಿಗೆ ಬರೋದನ್ನ ಕೇಂದ್ರಕ್ಕೆ ಬಿಡೋದು. ಅಲ್ಲೇ ಮನೆ ಕಟ್ಟಿ, ಅವನೂ ಅವನಂಥವರೂ ಕೊನೇವರೆಗೆ ಇರೋ ಹಾಗೆ ಮಾಡೋದು. ಮುಂದಿನ ವಾರ ರಿಜಿಸ್ಟ್ರಿ."

"ಅವನು ಒಪ್ಪಿದ್ನಾ?"

"ಅವನನ್ನ ಕೇಳದೆ ಹೇಗೆ? ಜಮೀನಿಗೆ ಕರ್ಕೊಂಡು ಹೋಗಿ ತೋರಿಸಿದ್ವಿ. 'ನನ್ ಮನೆ ಇಲ್ಲಿ' ಅಂತ ಕಲ್ಲಿಟ್ಟು ಬಂದ."

"ಅಣ್ಣನಿಗೆ ಗೊತ್ತಾ?"

"ಪಟಾಲಮ್ಮ ಹೇಳಿದ್ರಂತೆ. ಏನೂ ಅನ್ನಲಿಲ್ಲವಂತೆ."

ಗುರುಪಾದಪ್ಪ ಯೋಚಿಸುತ್ತಾ ಹೊರಗೆ ಬಂದರು. ಅನುಮಾನವೇನೋ ಹುಟ್ಟಿತು. ಆದರೆ ಅನುಮಾನವನ್ನು ನಂಬಿ ಕೆರೆಯ ಹುಡುಕಾಟ ನಿಲ್ಲಿಸಲು ಸಾಧ್ಯವೇ? ಆ ಹುಡುಗ ನಿಜಕ್ಕೂ ಕಾಲುಜಾರಿ ಬಿದ್ದಿದ್ದರೆ?

ಜಗುಲಿಯ ಮೇಲೆ ಎಲ್ಲರ ಚಪ್ಪಲಿಗಳಿದ್ದವು. ಗೋದಾ ಎಂಬ ಯುವತಿ ಬಂದು ತನ್ನವನ್ನು ಎತ್ತಿಕೊಂಡಳು. ಕೆಳಗಿಟ್ಟಳು. ಸರಿಬರಲಿಲ್ಲ. ಮತ್ತೆ ಎತ್ತಿ, ಅತ್ತಿನದನ್ನು ಇತ್ತ ಇಟ್ಟಳು. ಒಳ ಅಂಚಿನ ಎರಡು ಕೆಂಪು ಚುಕ್ಕೆಗಳು ಒಂದಕ್ಕೊಂದು ತಾಗಿದ ಮೇಲೆ, ತೃಪ್ತಿಯಿಂದ ಕಾಲು ತೂರಿಸಿದಳು.

ಇನ್‌ಸ್ಪೆಕ್ಟರು ನಿಂತಲ್ಲೇ ನಿಂತರು.

"ಮೇಷ್ಟ್ರೇ! ಈ ಚುಕ್ಕೆ ಹಾಕಿದ್ದು ಯಾವಾಗ?"

"ದಸರಾ ಆದ್ಮೇಲೆ ಸಾರ್. ನಾವಿನ್ನೂ ಹಳೇ ಜಾಗದಲ್ಲಿದ್ದಾಗ."

"ಜೀಪ್ ಹತ್ತಿ. ಅಲಮೇಲು ಅವರೂ ಬರಲಿ. ಶೇಷಗಿರಿಗಳೇ, ನೀವೂ ಬನ್ನಿ."

ಕೆರೆಯ ಬಳಿ ಬಿಸಿಲು ನೆತ್ತಿ ಸುಡುತ್ತಿತ್ತು. ಏಪ್ರಿಲ್ ತಿಂಗಳು. ಈಜುಗಾರರು ಬರಿಗೈಯಲ್ಲಿ ದಡಕ್ಕೆ ಬಂದು ಏದುಸಿರು ಬಿಡುತ್ತಿದ್ದರು. ಪಿಳ್ಳಪ್ಪ ಎಲ್ಲರಿಗೂ ಕಾಣುವಂತೆ ತಲೆಗೆ ಟವೆಲ್ ಸುತ್ತಿಕೊಂಡು ಕೂತಿದ್ದ. ಬೆಳಿಗ್ಗೆಯಿಂದ ಅಲ್ಲಿಂದ ಕದಲಿರಲಿಲ್ಲ.

"ಸಾಕು, ಮೇಲೆ ಬನ್ನಿ," ಎಂದರು ಗುರುಪಾದಪ್ಪ ಈಜುಗಾರರಿಗೆ. "ಅವನು ನೀರಲ್ಲಿಲ್ಲ."

ಪಟಾಲಮ್ಮ ಎದ್ದು ನಿಂತಳು.

"ಈ ಚಪ್ಪಲಿ ನೋಡಿ. ಬೆಳಿಗ್ಗೆಯಿಂದ ನಾವೆಲ್ಲ ನೋಡಿದ್ವಿ. ಪಾಪ, ಎಡಬಲ ತಿಳಿಯದವನು ಅಂದ್ಕೊಂಡ್ವಿ. ಪಟಾಲಮ್ಮ, ನಿಮ್ಮ ಮಗ ಈಗ ಚಪ್ಪಲಿ ಹೇಗೆ ಹಾಕ್ಕೋತಾನೆ?"

"ಸರ್ಯಾಗೇ ಆಕ್ಕಂತಾನೆ ಸ್ವಾಮಿ! ಕೆಂಪು ಕೆಂಪು ಸೇರಿಸ್ತಾನೆ. ಬಿಚ್ಚುವಾಗ್ಲೂ ಅಂಗೇ ಜೋಡಿಸ್ತಾನೆ. ಯಾರಾದ್ರೂ ಕಾಲು ತಾಗಿಸಿದ್ರೆ ಓಗಿ ಮತ್ತೆ ಸರಿ ಮಾಡ್ತಾನೆ."

"ಇಲ್ಲಿ ಕೆಂಪು ಚುಕ್ಕೆ ಎರಡೂ ಹೊರಗಿವೆ. ಅಂದ್ರೆ ಇವನ್ನ ಬಿಟ್ಟವನು ನರಸಿಂಹಯ್ಯ ಅಲ್ಲ. ಬೇರೆ ಯಾರೋ ತಂದಿಟ್ಟರು. ದಾರಿಹೋಕನಾಗಿದ್ರೆ ಸುಮ್ಮನೆ ನೆಟ್ಟಗೆ ಇಡ್ತಿದ್ದ. ಬೇಕಂತಲೇ ಅದಲು ಬದಲು ಯಾಕಿಟ್ಟ? ಇದು ಅವನದೇ ಕೈಕೆಲಸ ಅಂತ ನಾವು ನಂಬಲಿ ಅಂತ. ನರಸಿಂಹಯ್ಯ ಹಿಂದೆ ಹಾಗೆ ಹಾಕ್ಕೋತಿದ್ದ ಅಂತ ಇಟ್ಟೋನಿಗೆ ಗೊತ್ತಿತ್ತು."

ಸೇತುರಾಮ ತಲೆ ತಗ್ಗಿಸಿದರು. "ನನಗೂ ಗೊತ್ತಿತ್ತು ಸಾರ್."

"ಸರಿಯಾಗಿ ಹಾಕ್ಕೊಳೋದನ್ನ ಕಲಿಸಿದವರೇ ನೀವು. ನೀವಾಗಿದ್ರೆ ಚುಕ್ಕೆ ಸೇರಿಸಿ ಇಡ್ತಿದ್ರಿ. ಶೇಷಗಿರಿಗಳು ಅವನನ್ನ ಕಂಡಿದ್ದೇ ಸಂಕ್ರಾಂತಿ ಆದ್ಮೇಲೆ, ಅವನ ಹಳೇ ಅಭ್ಯಾಸ ಇವರು ನೋಡಿಯೇ ಇಲ್ಲ. ಇನ್ನು ಉಳಿದೋರು ಯಾರು? ಚಿಕ್ಕಂದಿನಿಂದ ಅವನ ಜೊತೆ ಬೆಳೆದೋನು. ಆದರೆ ಈಚೆಗೆ ಅವನ ಕಡೆ ಒಂದು ಸಲವೂ ತಿರುಗಿ ನೋಡದೋನು. ತಮ್ಮ ಏನಾದ್ರೂ ಕಲಿತಾನು ಅಂತ ಕನಸಲ್ಲೂ ಎಣಿಸದೋನು. ಕರೆದ್ರೆ ಕಿರುಚದೆ ಗಾಡಿ ಹತ್ತೋ ಅಷ್ಟು ನಂಬಿಕೆ ಇದ್ದದ್ದೂ ಅವನ ಮೇಲೇ. ಅಲ್ವಾ, ಪಿಳ್ಳಪ್ಪ?"

"ಏನ್ ಸಾರ್... ಒಂದು ಚಪ್ಪಲಿ ಇಟ್ಕಂಡು..." ಪಿಳ್ಳಪ್ಪ ನಗಲು ನೋಡಿದ. ನಗು ಬರಲಿಲ್ಲ.

ಗುರುಪಾದಪ್ಪ ಅವನ ತೀರ ಹತ್ತಿರ ಹೋದರು. ದನಿ ತಗ್ಗಿಸಿದರು.

"ಚಪ್ಪಲಿ ವಿಷಯ ಕೋರ್ಟಲ್ಲಿ ಮಾತಾಡೋಣ. ಈಗ ಒಂದೇ ಪ್ರಶ್ನೆ. ಕೊಂದಿದ್ರೆ ಹೆಣಾನೂ ಇದೇ ಕೆರೆಗೆ ಹಾಕ್ತಿದ್ದೆ; ಹಾಕಿಲ್ಲ ಅಂದ್ರೆ ಅವನನ್ನ ಎಲ್ಲೋ ಕೂಡಿ ಬೀಗ ಹಾಕಿ ಬಂದಿದ್ದೀಯ. ಬೆಳಿಗ್ಗೆಯಿಂದ ಇಲ್ಲೇ ಕೂತಿದ್ದೀಯ. ಈ ಬಿಸಿಲಲ್ಲಿ ಅವನಿಗೆ ನೀರು ಕೊಟ್ಟೋರು ಯಾರು?"

ಪಿಳ್ಳಪ್ಪನ ಕಣ್ಣು ಮೊದಲ ಬಾರಿಗೆ ನಿಜವಾದ ಭಯದಿಂದ ತಾಯಿಯನ್ನು ಹುಡುಕಿತು.

"ಯೋಳೋ!" ಪಟಾಲಮ್ಮ ಕಿರುಚಿದಳು. "ಎಲ್ಲವ್ನೆ ಯೋಳೋ!"

"ಮಾಕಳಿ... ಸಿಮೆಂಟ್ ಗೋಡೌನು..." ಅವನು ಕುಸಿದು ಕೂತ. "ಸಾಯಿಸ್ಬೇಕು ಅಂತಿರ್ಲಿಲ್ಲವ್ವಾ. ಸಂಜೆ ಲಾರೀಲಿ ದೂರದ ಆಶ್ರಮಕ್ಕೆ ಕಳಿಸ್ಬೇಕು ಅಂತಿದ್ದೆ. ಆ ಜಮೀನಲ್ಲಿ ಸೈಟು ಮಾಡ್ತೀನಿ ಅಂತ ಜನಕ್ಕೆ ಮಾತು ಕೊಟ್ಟಿದ್ದೆ."

ಜೀಪು ತುಮಕೂರು ರಸ್ತೆಯಲ್ಲಿ ಎಡೆಬಿಡದೆ ಹಾರ್ನ್ ಹೊಡೆಯುತ್ತ ಓಡಿತು. ಪಟಾಲಮ್ಮ ಮುಂದಿನ ಕಂಬಿ ಹಿಡಿದು ಒಂದೇ ಸಮನೆ ಮಗನ ಹೆಸರು ಹೇಳುತ್ತಿದ್ದಳು. ಮಾಕಳಿಯಾಚೆ ಬಯಲಲ್ಲಿ ಶೀಟು ಹೊದಿಸಿದ ಗೋಡೌನು. ಕಿಟಕಿಯಿಲ್ಲ. ಕಬ್ಬಿಣದ ಬಾಗಿಲು ಮುಟ್ಟಿದರೆ ಕೈ ಸುಡುತ್ತಿತ್ತು. ಚಿಕ್ಕಹನುಮಯ್ಯ ಕರೆದ. ಒಳಗಿನಿಂದ ಸದ್ದಿಲ್ಲ.

ಪಿಳ್ಳಪ್ಪನ ಕೀಲಿಯಿಂದ ಬೀಗ ತೆಗೆದರು.

ನರಸಿಂಹಯ್ಯ ಬಾಗಿಲ ಸಂದಿಗೆ ಮುಖವಿಟ್ಟು ನೆಲದ ಮೇಲೆ ಮಲಗಿದ್ದ. ಅಲ್ಲಿ ಮಾತ್ರ ಗಾಳಿ ಬರುತ್ತಿತ್ತು. ಸೇತುರಾಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ತುಟಿಗೆ ನೀರು ಹನಿಸಿದರು. ಒಂದು ಗುಟುಕು. ಇನ್ನೊಂದು. ಕಣ್ಣು ತೆರೆಯಿತು. ತಾಯಿ ಅವನನ್ನು ತಬ್ಬಿಕೊಂಡು ಅಲ್ಲಿಯವರೆಗೆ ತಡೆದಿದ್ದ ಅಳುವನ್ನೆಲ್ಲ ಅತ್ತಳು.

ಅವನು ಎದ್ದು ಕೂತ ಮೇಲೆ ಚಿಕ್ಕಹನುಮಯ್ಯ ಕಾಗದ ತೆಗೆದ. "ದೂರು ಯಾರ ಹೆಸರಲ್ಲಿ ಬರೀಲಿ ಸಾರ್? ತಾಯಿದಾ?"

"ಬೀಗದೊಳಗೆ ಇದ್ದೋನು ಯಾರು?" ಎಂದರು ಗುರುಪಾದಪ್ಪ.

"ಇವನ ಮಾತು ಕೋರ್ಟಲ್ಲಿ ನಿಲ್ಲುತ್ತಾ ಸಾರ್?"

"ನಿಲ್ಲುತ್ತೋ ಇಲ್ವೋ ಆಮೇಲೆ ನೋಡೋಣ. ಮೊದಲು ಕೇಳೋಣ."

ಅವರು ನರಸಿಂಹಯ್ಯನ ಎದುರು ಸಿಮೆಂಟಿನ ಧೂಳಿನಲ್ಲೇ ಕೂತರು. "ಏನಾಯ್ತು ಅಂತ ನೀನೇ ಹೇಳಪ್ಪ. ಆತುರ ಬೇಡ."

ನರಸಿಂಹಯ್ಯ ಬಾಗಿಲಲ್ಲಿ ತೂಗುತ್ತಿದ್ದ ಬೀಗ ನೋಡಿದ. ತಾಯಿ ಅವನ ಬದಲು ಹೇಳಲು ಬಾಯಿ ತೆರೆದಳು. ಅಲಮೇಲು ಅವಳ ಕೈ ಅದುಮಿದರು.

"ಅಣ್ಣ ಬೀಗ ಆಕ್ದ," ಎಂದ ಕೊನೆಗೆ. "ಕತ್ಲೆ, ಬಯ ಆಯ್ತದೆ ಅಂದೆ. ಅವ್ವ ಅಳ್ತಾಳೆ ಅಂದೆ. ಆದ್ರೂ ಆಕ್ದ."

ಗುರುಪಾದಪ್ಪ ಕಾನ್‌ಸ್ಟೇಬಲ್ಲನ ಕೈಯಿಂದ ಪೆನ್ನು ತೆಗೆದುಕೊಂಡು, ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದರು.