ನನ್ನ ಮನೆ ಎನ್ನಬಾರದ ಮನೆ

"ಈ ಮನೆಯೊಳಗೆ ನಿಂತು ಒಂದು ಮಾತು ಮಾತ್ರ ಆಡಬೇಡಿ ಸಾರ್," ಎಂದ ಬಡಗಿ. ಬಾಗಿಲಿನ ಚೌಕಟ್ಟಿಗೆ ಮೊಳೆ ಹೊಡೆಯುತ್ತಿದ್ದವನು ಸುತ್ತಿಗೆ ಕೆಳಗಿಟ್ಟು ಹೇಳಿದ. "ನಮ್ಮ ಮನೆ ಅನ್ನಿ. ಎಲ್ಲರೂ ಅನ್ನೋದು ಹಾಗೇ ತಾನೇ? ಒಂಟಿಯಾಗಿರೋನೂ ನಮ್ಮನೆ ಅಂತಾನೇ ಹೇಳ್ತಾನೆ. ಆ ಇನ್ನೊಂದು ಮಾತು ಬೇಡ."

"ಯಾವ ಇನ್ನೊಂದು?"

ಬಡಗಿ ತನ್ನ ಎದೆಯನ್ನು ಬೆರಳಿನಿಂದ ಮುಟ್ಟಿ ತೋರಿಸಿದ.

ಆ ಮನೆಯನ್ನು ಕಟ್ಟಿಸಿದವರು ಅಣ್ಣ ತಮ್ಮ. ಗೋಡೆಯ ಸುಣ್ಣ ಆರುವ ಮೊದಲೇ ಅಣ್ಣ ನಡುಮನೆಯಲ್ಲಿ ನಿಂತು 'ಇದು ನನ್ನ ಮನೆ' ಎಂದು ತಮ್ಮನ ಸಂಸಾರವನ್ನು ಬೀದಿಗೆ ಹಾಕಿದನಂತೆ. ತಮ್ಮನ ಹೆಂಡತಿ ಜಗಳಕ್ಕೆ ಬರಲಿಲ್ಲ. ಮೂರನೆಯ ದಿನ ಬಂದಳು. ಬೀಗದ ಕೈಗೆ ತನ್ನ ತಲೆಗೂದಲು ಸುತ್ತಿ, ಸುಟ್ಟು, ಹೊಸ್ತಿಲ ಕೆಳಗೆ ಹೂತಳು. 'ಆಗಲಿ, ನಿಂದೇ ಆಗಲಿ. ನಿನ್ನೊಬ್ಬನದೇ' ಎಂದು ಹೊರಟುಹೋದಳು. ಆಮೇಲೆ ಅಣ್ಣನ ಹೆಂಡತಿ ಮಕ್ಕಳೂ ಮನೆ ಬಿಟ್ಟು ಹೋದರು. ಅಣ್ಣ ಮಾತ್ರ ಹೊರಗೆ ಬಂದದ್ದನ್ನು ಕಂಡವರಿಲ್ಲ.

"ಕಾಗಕ್ಕ ಗುಬ್ಬಕ್ಕನ ಕತೆ ಹೇಳಬೇಡಪ್ಪ," ಎಂದು ನಕ್ಕ ಹೊಸ ಮಾಲೀಕ.

ಅವನು ನಕ್ಷೆಗಾರ. ಇಪ್ಪತ್ತೆರಡು ವರ್ಷ ಕಚೇರಿಯ ಓರೆ ಮೇಜಿಗೆ ಬಾಗಿ ಕಂಡವರ ಮನೆಗಳ ನಕ್ಷೆ ಬರೆದು ಬರೆದು ಕತ್ತು ನೆಟ್ಟಗಾಗದೆ ಹೋಗಿತ್ತು. ಪ್ರತಿ ಹಾಳೆಯ ಮೂಲೆಯಲ್ಲೂ ಮಾಲೀಕರದೊಂದು ಚೌಕ. ಅದರೊಳಗೆ ಯಾರ್ಯಾರದೋ ಹೆಸರು. ತಾನಿದ್ದದ್ದು ಎರಡು ಕೋಣೆಯ ಬಾಡಿಗೆ ಮನೆಯಲ್ಲಿ. ಅಲ್ಲಿ ಕಾಲು ಚಾಚಿದರೆ ಹೆಂಡತಿಗೆ ತಾಗುತ್ತಿತ್ತು. ಮಡಚಿಕೊಂಡರೆ ಮಗಳು ಪುಟ್ಟಿ, "ಅಪ್ಪಾ, ಸ್ವಲ್ಪ ಆ ಕಡೆ ಸರಿ," ಎಂದು ಪುಸ್ತಕ ಹರಡುತ್ತಿದ್ದಳು. ದಣಿದು ಹಣ್ಣಾಗಿದ್ದ ಪಾಪ. ಅಂಥವನಿಗೆ ಆ ಒಂದು ಮಾತೂ ಬೇಡ ಎಂದರೆ ಹೇಗೆ?

ನಡುಮನೆಯ ಮಧ್ಯೆ ನಿಂತು ಗಂಟಲು ಹರಿಯುವಂತೆ ಕೂಗಿದ. "ನನ್ನ ಮನೆ!"

ಖಾಲಿ ಕೋಣೆ. ಮಾತು ಗೋಡೆಗೆ ಬಡಿದು ಮರಳಬೇಕಿತ್ತು. ಮರಳಲಿಲ್ಲ, ಗೋಡೆ ಅದನ್ನು ನುಂಗಿಕೊಂಡಿತು. ಎಲ್ಲಿಂದಲೋ ಕೂದಲು ಸುಟ್ಟ ನಾತ ಬಂತು. ಬಡಗಿ ಗರಗಸವನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಹೊರಟವನು ತಿರುಗಿಯೂ ನೋಡಲಿಲ್ಲ.

ಸಾಮಾನು ಸಾಗಿಸಿ ವಾರವಾಗಿರಲಿಲ್ಲ. "ಅಪ್ಪಾ, ನನ್ನ ರೂಮು ಚಿಕ್ಕದಾಗ್ತಿದೆ. ಮಂಚಕ್ಕೆ ಬಾಗಿಲು ತಾಗ್ತಿದೆ ನೋಡು," ಎಂದಳು ಪುಟ್ಟಿ. ಅವನು ಟೇಪು ಹಿಡಿದು ಅಳೆದ. ಹತ್ತಡಿ ಇದ್ದದ್ದು ಒಂಬತ್ತೂಕಾಲು. ನಡುಮನೆ ಅಳೆದ, ಅದು ಅಷ್ಟೇ ಬೆಳೆದಿತ್ತು. ಟೇಪು ಹಳೆಯದಾಯಿತು ಎಂದುಕೊಂಡು ಸುಮ್ಮನಾದ. ಅವನ ಸುಸ್ತು ಅಂಥದ್ದು, ಹೆದರುವುದಕ್ಕೂ ಮೈಯಲ್ಲಿ ಕಸುವಿರಲಿಲ್ಲ.

ಅಡುಗೆಮನೆಯೂ ಕಿರಿದಾಯಿತು. ಹೆಂಡತಿಯ ಮೊಣಕೈ ಎರಡೂ ಕಡೆ ಗೋಡೆಗೆ ಉಜ್ಜಿ ತರಚಿತು. ಗೋಡೆಯೊಳಗೆ ಯಾರೋ ಮಗ್ಗುಲು ಬದಲಿಸಿದಂತೆ ಸದ್ದು.

"ರೀ, ನನಗ್ಯಾಕೋ ಭಯ ಆಗ್ತಿದೆ. ನಮ್ಮನೆಗೆ ಹೋಗಿಬಿಡೋಣ."

ನಮ್ಮನೆ ಎಂದರೆ ಅವಳಿಗೆ ಇನ್ನೂ ಆ ಎರಡು ಕೋಣೆ! ಅವನಿಗೆ ಮೈಯೆಲ್ಲ ಉರಿದುಹೋಯಿತು. "ಅದು ಯಾರದೋ ಮನೆ ಕಣೇ! ಇದು ನನ್ನ ಮನೆ! ನನ್ನದು!"

ನಾತ ಗಪ್ಪನೆ ಮೂಗಿಗೆ ಹೊಡೆಯಿತು. ಪುಟ್ಟಿಯ ಕೋಣೆಯಿಂದ ಮರ ಲಟಲಟ ಮುರಿಯುವ ಸದ್ದು. ಹುಡುಗಿ ಕಿರುಚಿಕೊಂಡು ಹೊರಗೆ ಓಡಿಬಂದಳು. ಅವಳ ಬೆನ್ನಹಿಂದೆ ಎರಡು ಗೋಡೆಗಳು ಮಂಚವನ್ನು ನಡುವೆ ಹಿಡಿದು ಕೂಡಿಕೊಂಡವು. ಹೆಂಡತಿ ಮಗಳ ಕೈ ಹಿಡಿದು ಹೊಸ್ತಿಲು ದಾಟಿದಳು. ಅಂಗಳದಿಂದ ತಿರುಗಿ, "ನೀವೂ ಬನ್ರೀ!" ಎಂದಳು. ಅವನು ಹೆಜ್ಜೆ ಎತ್ತುವಷ್ಟರಲ್ಲಿ ಬಾಗಿಲು ಬಡಿದುಕೊಂಡಿತು.

ಕಿಟಕಿಗೆ ಓಡಿದ. ಸರಳಿನಾಚೆ ಹೆಂಡತಿ ನಿಂತಿದ್ದಳು. ಅವಳ ಮುಖದಲ್ಲಿದ್ದ ಗಾಬರಿ ಮೆಲ್ಲಗೆ ಅಳಿಸಿಹೋಗುತ್ತಿತ್ತು. ಸೆರಗು ಸರಿಮಾಡಿಕೊಂಡು, ಗುರುತಿಲ್ಲದವರನ್ನು ಕೇಳುವ ದನಿಯಲ್ಲಿ ಕೇಳಿದಳು.

"ಏನ್ರೀ, ಈ ಮನೆ ಬಾಡಿಗೆಗಿದೆಯಾ?"

"ನಾನು ಕಣೇ! ಪುಟ್ಟೀ, ನಾನಮ್ಮಾ, ಅಪ್ಪ!"

ಗೋಡೆ ಆ ಕೂಗನ್ನೂ ನುಂಗಿತು. ಪುಟ್ಟಿ ಅಮ್ಮನ ಸೆರಗು ಜಗ್ಗಿದಳು. "ಬೇಡಮ್ಮಾ. ಇಲ್ಲಿ ಆ ಅಂಕಲ್ ಒಬ್ಬರೇ ಇದ್ದಾರೆ. ನಮ್ಮನೆಗೆ ಹೋಗೋಣ ಬಾ."

ಹೋದರು. ಅವರ ಚಪ್ಪಲಿಯ ಸದ್ದು ಬೀದಿಯ ತಿರುವಿನವರೆಗೂ ಕೇಳಿಸಿತು.

ಬಾಗಿಲಿಗೆ ಓಡಿದ. ಹತ್ತು ಹೆಜ್ಜೆ. ಬಾಗಿಲು ಸಿಗಲಿಲ್ಲ. ಇಪ್ಪತ್ತು ಹೆಜ್ಜೆ. ನಡುಮನೆ ಉದ್ದವಾಗುತ್ತಿತ್ತು. ಐವತ್ತು. ಕಿಟಕಿ ಚುಕ್ಕೆಯಾಯಿತು. ಆರಿತು. ಕತ್ತಲೆ. ಕೈಚಾಚಿದ. ಗೋಡೆಯಿಲ್ಲ. ಕೂಗಿದ. ದನಿಯಿಲ್ಲ. ಎಷ್ಟು ದೊಡ್ಡ ಮನೆ! ಎಲ್ಲವೂ ಅವನದೇ. ಕೆಳಗೆ ಕುಳಿತ. ಎರಡೂ ಕಾಲು ನೀಳವಾಗಿ ಚಾಚಿಕೊಂಡವು. ತಾಗುವುದಕ್ಕೆ ಯಾರೂ ಇರಲಿಲ್ಲ. ಅವನು ಮಗುವಿನ ಹಾಗೆ ಅತ್ತುಬಿಟ್ಟ.

ಆಗ ನೆನಪಾಯಿತು ಬಡಗಿಯ ಮಾತು. ಅದೊಂದೇ ದಾರಿ. ತಡವಾಗಿರಲಾರದು. ಕಣ್ಣು ಮುಚ್ಚಿ ಹೆಂಡತಿಯನ್ನೂ ಮಗಳನ್ನೂ ನೆನೆದು, ಹೇಳಿದ.

"ನಮ್ಮ ಮನೆ."

ಈ ಸಲ ಮಾತು ಮರಳಿತು.

"ಹೂಂ... ನಮ್ಮ ಮನೆ," ಎಂದಿತು ಕಿವಿಯ ಪಕ್ಕದಲ್ಲೇ ಒಂದು ಮುದಿ ಗಂಡುದನಿ. ಎಷ್ಟೋ ವರ್ಷದಿಂದ ಆಡದೆ ತುಕ್ಕು ಹಿಡಿದ ದನಿ. ಸುಟ್ಟ ಕೂದಲ ನಾತ ಮುಖದ ಮೇಲೆ ಉಸಿರಾಡಿತು. ತಣ್ಣನೆಯ ಪಾದವೊಂದು ಅವನ ಪಾದಕ್ಕೆ ತಾಗಿತು.

"ಸ್ವಲ್ಪ ಆ ಕಡೆ ಸರಿ."