ಸಂಜೆಯಾಗದ ಕೋಣೆ

ಗುರುತ್ವತಡೆ ಯಂತ್ರ ಗುಂಯ್‌ಗುಡತೊಡಗಿತೆಂದರೆ ಸಾಕು, ತುಂಗಮ್ಮನವರ ಮಂಡಿನೋವು ಮಾಯವಾಗುತ್ತಿತ್ತು. ಮಧುಗಿರಿ ಬೆಟ್ಟದ ಬುಡದ ಆ ಪ್ರಯೋಗಾಲಯದಲ್ಲಿ, ಯಂತ್ರದ ನೆತ್ತಿಯ ಮೇಲಿದ್ದ ಕೋಣೆಯೊಳಗೆ ಎಲ್ಲದರ ತೂಕವೂ ಅರ್ಧಕ್ಕಿಳಿಯುತ್ತಿತ್ತು. ಯಂತ್ರ ಕಟ್ಟಿದ ಭೌತವಿಜ್ಞಾನಿ ವಾಸಂತಿ ಆಷಾಢದಿಂದಲೂ ದಿನಾ ಬೆಳಗ್ಗೆ ತಾಯಿಯನ್ನು ಅಲ್ಲಿ ಕೂರಿಸಿ, ಊಟದ ಡಬ್ಬಿ ಕೊಟ್ಟು, ಬಾಗಿಲು ಮುಚ್ಚಿ ಕೆಳಗಿಳಿಯುತ್ತಿದ್ದಳು.

ತಾಯಿಗೆ ರಕ್ತದ ಕ್ಯಾನ್ಸರ್. ಯುಗಾದಿಯವರೆಗೆ ತೊಂದರೆಯಿಲ್ಲ ಎಂದಿದ್ದರು ವೈದ್ಯರು. ಇರುವಷ್ಟು ದಿನ ಅಮ್ಮ ತನ್ನ ಹತ್ತಿರವೇ ಇರಲಿ ಎಂಬುದಷ್ಟೇ ಮಗಳ ಆಸೆ.

"ಏನು ಮಾಡತ್ತೇ ನಿನ್ನ ಯಂತ್ರ?" ಹತ್ತಿ ಹೊಸೆಯುತ್ತ ತುಂಗಮ್ಮ ಒಮ್ಮೆ ಕೇಳಿದ್ದರು. ಮಗಳ ಪ್ರಯೋಗ ಗೆಲ್ಲಲೆಂದು ಅವರು ದೇವರಿಗೆ ಲಕ್ಷಬತ್ತಿಯ ಹರಕೆ ಹೊತ್ತಿದ್ದರು.

"ಭೂಮಿ ನಮ್ಮನ್ನ ಎಳೆಯೋದು ಸಣ್ಣ ಸಣ್ಣ ಕಣಗಳಿಂದ ಅಂತ ಒಂದು ಗುಂಪು. ಎಳೆತವೇ ಇಲ್ಲ, ಭೂಮಿಯ ಭಾರಕ್ಕೆ ಜಾಗ, ಕಾಲ ಎರಡೂ ಬಾಗಿವೆ ಅಂತ ಇನ್ನೊಂದು. ಎತ್ತು ಏರಿಗೆ, ಕೋಣ ನೀರಿಗೆ. ನಾನು ಆ ಕಣಗಳನ್ನ ತಡೀತಿದೀನಿ. ಆಗ ಕಾಲದ ಓಟವೂ ಬದಲಾದ್ರೆ ಎರಡು ಮಾತೂ ಒಂದೇ ಅಂತಾಯ್ತು."

"ಬದಲಾಗಿದ್ಯಾ?"

"ಆದ್ರೂ ಕ್ಷಣದ ಕೋಟಿಯಲ್ಲೊಂದು ಪಾಲಮ್ಮ. ಅಷ್ಟು ಸೂಕ್ಷ್ಮದ ಗಡಿಯಾರ ಇನ್ನೂ ತಯಾರಾಗ್ತಿದೆ."

ಲೆಕ್ಕ ಹಾಗೆ ಹೇಳಿತ್ತು. ಹಾಗಾಗಿ ಆ ಕೋಣೆಯಲ್ಲಿ ಮಾಮೂಲಿ ಗೋಡೆ ಗಡಿಯಾರವನ್ನೂ ಯಾರೂ ತೂಗುಹಾಕಲಿಲ್ಲ. ಅಮ್ಮ ಮುಡಿದ ಸೇವಂತಿಗೆ ಸಂಜೆಗೆಲ್ಲ ಒಣಗಿ ಉದುರುತ್ತಿತ್ತು. ವಾಸಂತಿ ಹೂವಿನವನನ್ನು ಬೈದಳು. ಅಮ್ಮ ಒಂದು ಡಬ್ಬಿ ಸಾಲದೆ ನಾಲ್ಕು ಡಬ್ಬಿ ಕೇಳಿದಾಗ, ಹಸಿವು ಮರಳಿತೆಂದು ಹಿಗ್ಗಿದಳು. ದೀಪದ ಬುಡದಲ್ಲೇ ಕತ್ತಲೆ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ.

ದಸರೆಯ ಹೊತ್ತಿಗೆ ರಕ್ತಪರೀಕ್ಷೆಯ ಫಲಿತಾಂಶ ಬಂತು. ವೈದ್ಯರು ಫೋನಿನಲ್ಲಿ ತಡವರಿಸಿದರು. "ಯುಗಾದಿ ಹೊತ್ತಿಗೆ ಬರಬೇಕಿದ್ದ ಸ್ಥಿತಿ ಮೇಡಂ ಇದು. ಈಗಲೇ ಹೇಗೆ ಬಂತೋ ಗೊತ್ತಾಗ್ತಿಲ್ಲ. ಇನ್ನೊಂದು ವಾರ, ಹೆಚ್ಚಂದ್ರೆ ಎರಡು."

ವಾಸಂತಿ ಮೆಟ್ಟಿಲು ಹತ್ತಿ ಓಡಿದಳು. ಯಂತ್ರ ನಡೆಯುತ್ತಿರುವಾಗ ಅವಳು ಆ ಬಾಗಿಲು ತೆರೆದದ್ದು ಅದೇ ಮೊದಲು.

ಅಮ್ಮನ ಬೆರಳುಗಳು ಕಣ್ಣಿಗೆ ಸಿಗುತ್ತಿರಲಿಲ್ಲ. ಹೊಲಿಗೆ ಮಿಷನ್ನಿನ ಸೂಜಿಯ ಹಾಗೆ ಓಡುತ್ತಿದ್ದವು. "ಅಮ್ಮಾ" ಎಂದು ಕೂಗಿ ಮುಗಿಸುವಷ್ಟರಲ್ಲಿ ಬುಟ್ಟಿಗೆ ಮೂರು ನಾಲ್ಕು ಬತ್ತಿ ಬಿದ್ದವು. ವಾಸಂತಿ ಲೆಕ್ಕ ಹಾಕಿದಳು. ಹೊರಗೆ ಒಂದು ಗಂಟೆ ಕಳೆಯುವಷ್ಟರಲ್ಲಿ ಒಳಗೆ ಅರ್ಧ ಹಗಲೇ ಕಳೆಯುತ್ತಿತ್ತು. ಎರಡು ಮಾತೂ ಒಂದೇ ಆಗಿತ್ತು, ಲೆಕ್ಕವೊಂದೇ ತಪ್ಪಿತ್ತು.

ಕೆಳಗೋಡಿ ಯಂತ್ರ ನಿಲ್ಲಿಸಿ ಬಂದಾಗ ಭಾರ ಮರಳಿತ್ತು. ತುಂಗಮ್ಮ ಮಂಡಿ ಒತ್ತಿಕೊಳ್ಳುತ್ತಿದ್ದರು.

"ಇಷ್ಟೊಂದು ಹೊತ್ತು ಕೂತಿರ್ತಿದ್ದೆ ಅಂತ ಯಾಕಮ್ಮ ಹೇಳಲಿಲ್ಲ?"

"ಉಂಡು ಮಲಗಿ ಎದ್ರೂ ಕಿಟಕಿ ಹೊರಗೆ ಬಿಸಿಲೇ ಇರ್ತಿತ್ತು. ಹರಕೆ ತೀರಿಸೋಕೆ ದೇವರೇ ಸಂಜೆ ತಡೆದಿದಾನೆ ಅಂದ್ಕೊಂಡೆ. ಹೇಳಿದ್ರೆ ನೀನು ಕೂರೋಕೆ ಬಿಡ್ತಿದ್ಯಾ?" ಕೈಯಲ್ಲಿದ್ದ ಬತ್ತಿಯನ್ನು ಅವರು ಬುಟ್ಟಿಗೆ ಹಾಕಿದರು. "ಲಕ್ಷ ಆಯ್ತು ಕಣೆ. ನಿನ್ನ ಕೆಲಸ ಆಯ್ತಾ?"

ತಾನು ಹತ್ತು ವರ್ಷ ಹುಡುಕಿದ ಸಾಕ್ಷಿ ಆ ಬುಟ್ಟಿಯಲ್ಲಿ ಬೆಳ್ಳಗೆ ತುಂಬಿಕೊಂಡಿತ್ತು. ವಾಸಂತಿ ಅಮ್ಮನ ಕಾಲ ಬಳಿ ಕುಸಿದು ಕೂತು ಮಂಡಿ ಒತ್ತತೊಡಗಿದಳು.

"ಆಯ್ತಮ್ಮ," ಎಂದಳು.