ಉಪ್ಪು ನೋಡದ ಅಡುಗೆ

ಜಕರಂಡ ಹೂ ಉದುರಿ ಬೀದಿಯೆಲ್ಲ ನೇರಳೆ ಬಣ್ಣವಾಗಿದ್ದ ಅಕ್ಟೋಬರ್ ತಿಂಗಳು, ಸಂಜೆ ಐದೂವರೆ ಹೊತ್ತು. ಅರವತ್ತೊಂದನೇ ಇಸವಿ. ಮೊಜಾಂಬಿಕಿನ ಲೊರೆನ್ಸು ಮಾರ್ಕಿಸ್ ಪಟ್ಟಣದಲ್ಲಿ, ಬಟ್ಟೆ ಅಂಗಡಿಗಳ ಸಾಲಿನ ಹಿಂದಿನ ಒಂದು ಕೋಣೆಯಲ್ಲಿ ಕಾಯ್ತಾನ ಮೆಂತ್ಯ ಸೀಯಿಸಿದ.

ಹೊಗೆ ಎದ್ದಿತು. ಗೋಡೆಯ ಆಚೆಯಿಂದ ಒಂದು ಹುಡುಗಿಯ ದನಿ ಬಂತು.

"ಯಾರದು? ಅಡುಗೆ ಮಾಡ್ತಿದ್ದೀರೋ, ಹೆಣ ಸುಡ್ತಿದ್ದೀರೋ?"

ಕಾಯ್ತಾನ ಮಡಗಾಂವಿನವನು. ಗೋವೆಯನ್ನೂ ಈ ಊರನ್ನೂ ಆಳುತ್ತಿದ್ದವರು ಪೋರ್ಚುಗೀಸರೇ ಆದ್ದರಿಂದ, ನಕ್ಷೆ ಬರೆಯುವ ವಿದ್ಯೆ ಕಲಿಯಲು ಹಡಗು ಹತ್ತಿ ಬಂದಿದ್ದ. ಶಾಲೆಯ ಊಟದ ಮನೆಯ ಒಣ ಬ್ರೆಡ್ಡು, ದನದ ಮಾಂಸ ತಿಂದು ತಿಂದು ಹೊಟ್ಟೆ ಕೆಟ್ಟಿತ್ತು. ಊರಿನ ತೊವೆಯಂಥದ್ದೇನಾದರೂ ತಾನೇ ಬೇಯಿಸಿಕೊಳ್ಳೋಣ ಅಂತ ಅವತ್ತೇ ಒಲೆ ಹಚ್ಚಿದ್ದ.

"ಬೇಳೆ ಮಾಡ್ತಿದ್ದೀನಿ," ಅಂದ, ಸೋತ ದನಿಯಲ್ಲಿ.

"ಬೇಳೆಗೆ ಮೆಂತ್ಯ ಅಷ್ಟು ಹೊತ್ತು ಹುರಿಯಬೇಡಿ ಭಾಯ್. ಕೆಂಪಗಾಗೋಕೆ ಮುಂಚೆ ಬೇಳೆ ಸುರಿದುಬಿಡಿ. ಎಣ್ಣೆ ಚೆಲ್ಲಿ, ಮತ್ತೆ ಹಾಕಿ. ನಾನು ಹೇಳ್ತೀನಿ."

ಎರಡು ಅಡುಗೆಮನೆಗಳ ನಡುವೆ ಒಂದೇ ಗೋಡೆ. ಮೇಲ್ಗಡೆ ಅಂಗೈಯಗಲದ ಗವಾಕ್ಷಿ. ಅವಳು ಜಸುಮತಿ, ಬಟ್ಟೆ ಅಂಗಡಿಯ ವಲ್ಲಭದಾಸರ ಮಗಳು. ತಾಯಿಯಿಲ್ಲ. ಅಜ್ಜಿ ಸಾಕಿದ್ದು. ಅಜ್ಜಿಯನ್ನು ಎಲ್ಲರೂ ಬಾ ಎನ್ನುತ್ತಿದ್ದರು. ಪೋರಬಂದರಿನ ವೈಷ್ಣವ ಮನೆ. ದನ ತಿನ್ನುವವನು ಅವರ ಒಲೆಯ ಹತ್ತಿರ ಹೋಗುವ ಹಾಗಿಲ್ಲ, ಆ ಮನೆಯ ಹುಡುಗಿ ಅವನ ಒಲೆಯ ಹತ್ತಿರ ಬರುವ ಹಾಗಿಲ್ಲ. ಹಾಗಾಗಿ ಪಾಠವೆಲ್ಲ ಗೋಡೆ ದಾಟಿಯೇ ನಡೆಯಿತು. ಸಾಸಿವೆ ಸಿಡಿಯುವ ಸದ್ದು ಕೇಳಿ ಉರಿ ಎಷ್ಟಿದೆ ಅಂತ ಹೇಳುತ್ತಿದ್ದಳು. ಇಂಗಿನ ವಾಸನೆ ಹಿಡಿದು, "ಚಿಟಿಕೆ ಅಂದ್ರೆ ಹಿಡಿ ಅಲ್ಲ" ಅಂತ ಬಯ್ಯುತ್ತಿದ್ದಳು.

ಒಂದು ದಿನ ಅವನು ಸೌಟಿನಿಂದ ಸುರ್ ಅಂತ ರುಚಿ ನೋಡಿದ.

"ಅಯ್ಯೋ! ಎಂಜಲು ಮಾಡಿಬಿಟ್ರಾ?"

"ನೋಡದೆ ಉಪ್ಪು ಹೇಗೆ ಗೊತ್ತಾಗಬೇಕು?"

"ಠಾಕೋರ್‌ಜಿಗೆ ಅಂದ್ರೆ ನಮ್ಮನೆ ಕೃಷ್ಣನಿಗೆ ಎಡೆ ಇಡೋ ತನಕ ಯಾರೂ ಬಾಯಿಗೆ ಹಾಕಲ್ಲ. ಉಪ್ಪನ್ನ ಮೂಗು ಹೇಳುತ್ತೆ, ಕುದಿಯೋ ನೊರೆ ಹೇಳುತ್ತೆ."

"ನನ್ನ ಮೂಗು ಸುಳ್ಳು ಹೇಳುತ್ತೆ."

"ಮೂಗಿಗೆ ಯಾಕೆ ಬಯ್ತೀರಿ? ಬುದ್ಧಿ ಎಲ್ಲೋ ಇರುತ್ತೆ."

ಅವಳ ಮುಖ ಕಾಣುತ್ತಿದ್ದುದು ಬೆಳಿಗ್ಗೆ ಅಂಗಳದ ನಲ್ಲಿಯ ಹತ್ತಿರ ಮಾತ್ರ. ಕೊಡ ತುಂಬುವವರೆಗೆ ನೀರನ್ನೇ ನೋಡುತ್ತಿದ್ದಳು. ತುಂಬಿದ ಮೇಲೆ, ಸೊಂಟಕ್ಕೇರಿಸುವಾಗ, ಕಣ್ಣು ಒಮ್ಮೆ ಈ ಕಡೆ ಬರುತ್ತಿತ್ತು. ಅಷ್ಟರಲ್ಲಿ ಕೊಡದ ನೀರು ತುಳುಕಿ ಅವಳ ಸೆರಗು ನೆನೆಯುತ್ತಿತ್ತು, ಅದಕ್ಕೆ ಅವನೇ ಕಾರಣ ಅನ್ನುವ ಹಾಗೆ ಹುಬ್ಬು ಗಂಟಿಕ್ಕಿ ಒಳಗೆ ಹೋಗುತ್ತಿದ್ದಳು. ಮೀನಿನ ವಾಸನೆಗೆ ಬಾ ಕಿಟಕಿ ಮುಚ್ಚುವುದನ್ನು ಕಂಡು ಅವನು ಮೀನು ತರುವುದನ್ನೇ ಬಿಟ್ಟ. ಗೋವೆಯವನೊಬ್ಬ ಮೀನು ಬಿಟ್ಟರೆ ಅದರ ಅರ್ಥವೇನೆಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ನವೆಂಬರ್ ಮುಗಿಯುವ ಹೊತ್ತಿಗೆ ಭಾಯ್ ಅನ್ನುವುದನ್ನು ನಿಲ್ಲಿಸಿದಳು. ಬೇರೆ ಏನೆಂದೂ ಕರೆಯಲಿಲ್ಲ.

ಡಿಸೆಂಬರಿನ ಮೊದಲಲ್ಲಿ ಬೀದಿ ಬದಲಾಯಿತು. ಗಿರಾಕಿಗಳು ಅಂಗಡಿಯ ಮುಂದೆ ನಿಂತು, ಒಳಗೆ ಇಣುಕಿ, ಹಾಗೇ ಹೋಗುತ್ತಿದ್ದರು. ರೇಡಿಯೋ ಗೋವೆಯ ಗಡಿಯ ಮಾತು ಆಡುತ್ತಿತ್ತು. ವಲ್ಲಭದಾಸರು ಅದರ ಕಿವಿ ತಿರುಗಿಸಿ ದನಿ ಸಣ್ಣದು ಮಾಡಿ, ಕಿವಿ ಹತ್ತಿರ ಇಟ್ಟುಕೊಂಡು ಕೂರುತ್ತಿದ್ದರು. ಒಂದು ಬೆಳಿಗ್ಗೆ ಭಾರತದ ಕಾಗದಪತ್ರ ಇದ್ದವರ ಬಾಗಿಲುಗಳ ಮೇಲೆಲ್ಲ ಸುಣ್ಣದ ಗೀಟು ಕಂಡಿತು. ಯಾರು ಎಳೆದರೋ. ಬಾ ನೀರು ಹಾಕಿ ಉಜ್ಜಿದರು. ಮರುದಿನ ಮತ್ತೆ ಇತ್ತು.

"ಇದು ಯಾಕೆ?" ಅಂತ ಅವಳು ಗೋಡೆಯಾಚೆಯಿಂದ ಕೇಳಿದಳು.

ಕಾಯ್ತಾನ, "ಮಕ್ಕಳಾಟ," ಅಂದ. ಅವನ ಬಾಗಿಲ ಮೇಲೆ ಗೀಟಿರಲಿಲ್ಲ. ಗೋವೆಯವರಿಗೆ ಪೋರ್ಚುಗೀಸ್ ಕಾಗದವಿತ್ತು.

ಭಾರತದ ಸೈನ್ಯ ಗೋವೆಗೆ ಹೋಯಿತು. ಹತ್ತೊಂಬತ್ತನೇ ತಾರೀಕು ಮಂಗಳವಾರ ಮಧ್ಯಾಹ್ನ ಗೀಟಿದ್ದ ಬಾಗಿಲುಗಳ ಮುಂದೆ ಪೊಲೀಸರ ಲಾರಿಗಳು ಬಂದವು. ಕಾಯ್ತಾನ ಶಾಲೆಯಲ್ಲಿದ್ದ. ಮೇಷ್ಟ್ರು ಗೋವೆಯ ಹುಡುಗರನ್ನು ಎಬ್ಬಿಸಿ ನಿಲ್ಲಿಸಿ, ನೀವು ಯಾರ ಕಡೆ ಅಂತ ಒಬ್ಬೊಬ್ಬರನ್ನೇ ಕೇಳುತ್ತಿದ್ದರು. ಎಲ್ಲರೂ ಹೇಳಿದ್ದನ್ನೇ ಅವನೂ ಹೇಳಿದ. ಮನೆಗೆ ಬಂದಾಗ ಗೋಡೆಯಾಚೆ ಸದ್ದಿರಲಿಲ್ಲ. ಅಂಗಡಿಗೆ ಸರ್ಕಾರದ ಮುದ್ರೆ ಬಿದ್ದಿತ್ತು. ಅವರ ಒಲೆಯ ಮೇಲೆ ಏನೋ ಇನ್ನೂ ಸೀಯುತ್ತಿತ್ತು. ಆರಿಸೋಣವೆಂದರೆ ಬಾಗಿಲಿಗೂ ಮುದ್ರೆ. ಇದ್ದಿಲು ತಾನಾಗಿ ತಣ್ಣಗಾಗುವವರೆಗೆ ಆ ವಾಸನೆಯನ್ನು ಕುಡಿಯುತ್ತ ಕೂತಿದ್ದ.

ಊರಾಚೆ, ಗೇರುಮರಗಳ ನಡುವೆ, ತಗಡಿನ ಗೋದಾಮುಗಳಲ್ಲಿ ಅವರನ್ನಿಟ್ಟಿದ್ದರು. ಭಾನುವಾರ ತಂತಿಬೇಲಿಯ ಹತ್ತಿರ ನೋಡಲು ಬಿಡುತ್ತಿದ್ದರು. ಮೊದಲ ಭಾನುವಾರ ಜಸು ಬಂದು ನಿಂತಾಗ ಅವಳ ಕಣ್ಣ ಕೆಳಗೆ ಕಪ್ಪು ಬಿದ್ದಿತ್ತು.

"ಇಲ್ಲೆಲ್ಲ ಒಂದೇ ಹಂಡೆಯ ಅಡುಗೆ. ಬಾ ಮುಟ್ಟಲ್ಲ," ಅಂದಳು. "ಮನೆಯವರ ಕೈಯದು ಬಿಟ್ರೆ ಬೇರೆ ತಿಂದವರಲ್ಲ. ನನಗೆ ಒಲೆ ಕೊಡಲ್ಲ. ಬಾಳೆಹಣ್ಣು, ಕಡಲೆಕಾಯಿ. ಅಷ್ಟೇ."

ಮುಂದಿನ ಭಾನುವಾರಕ್ಕೆಂದು ಅವನು ಹೊಸ ಪಾತ್ರೆ ಕೊಂಡ. ತಲೆಗೆ ಸ್ನಾನ ಮಾಡಿ, ಏನೂ ತಿನ್ನದೆ, ರುಚಿ ನೋಡದೆ ಖಿಚಡಿ ಮಾಡಿ ತಂದು ಬೇಲಿಯ ಕೆಳಗಿನ ಸಂದಿಯಿಂದ ಒಳಗೆ ಸರಿಸಿದ. ಬಾ ಗೇರುಮರದ ಕೆಳಗೆ ಕೂತು ಮುಖ ತಿರುಗಿಸಿದರು. ಅದನ್ನು ಜಸುವಿನ ಅಪ್ಪ ತಿಂದರು. ಜನವರಿ ಕಳೆಯಿತು, ಫೆಬ್ರವರಿ ಕಳೆಯಿತು. ಪ್ರತಿ ವಾರ ಅವನು ತರುತ್ತಿದ್ದ, ಪ್ರತಿ ವಾರ ಬಾ ಮುಖ ತಿರುಗಿಸುತ್ತಿದ್ದರು. ಅವರ ಬೆಳ್ಳಿ ಕಡಗ ಮೊಣಕೈವರೆಗೆ ಜಾರತೊಡಗಿತು.

ಏಪ್ರಿಲಿನಲ್ಲಿ ಸುದ್ದಿ ಬಂತು. ಎಲ್ಲರನ್ನೂ ಹಡಗಿಗೆ ಹತ್ತಿಸಿ ಕಳಿಸುತ್ತಾರೆ, ಮತ್ತೆ ಈ ನೆಲಕ್ಕೆ ಕಾಲಿಡುವ ಹಾಗಿಲ್ಲ.

"ನಾನು ಕಚೇರಿಲಿ ಕೇಳಿ ಬಂದೆ," ಅಂದ ಕಾಯ್ತಾನ, ಬೇಲಿಯ ತಂತಿ ಹಿಡಿದು. "ನನ್ನಂಥ ಕಾಗದ ಇರೋನನ್ನ ಮದುವೆಯಾದ್ರೆ ನಿನ್ನ ಹೆಸರು ಪಟ್ಟಿಯಿಂದ ತೆಗೀತಾರೆ. ಚರ್ಚೂ ಬೇಡ, ಗುಡಿಯೂ ಬೇಡ. ರುಜು ಹಾಕಿದ್ರೆ ಸಾಕು."

"ಪಟ್ಟಿಯಿಂದ ಹೆಸರು ತೆಗೆಸೋಕೆ ಮದುವೇನಾ?"

"ಅಲ್ಲ."

"ಮತ್ತೆ?"

ಅವನ ಕಿವಿ ಕೆಂಪಾಯಿತು. "ನಿನ್ನ ಬಯ್ಗುಳ ಕೇಳದೆ ಒಗ್ಗರಣೆ ಹಾಕೋಕೆ ನನಗೆ ಕೈ ಬರಲ್ಲ ಜಸು. ನಾಲ್ಕು ತಿಂಗಳಾಯ್ತು. ಮನೆ ಅನ್ನೋದು ಇಲ್ಲದ ಹಾಗಾಗಿದೆ."

ಅವಳು ಬಹಳ ದಿನಗಳ ಮೇಲೆ ನಕ್ಕಳು. ಬೇಲಿಯ ಕಣ್ಣಿಯಲ್ಲಿ ಎರಡು ಬೆರಳು ತೂರಿಸಿ ಅವನ ಬೆರಳಿಗೆ ತಾಗಿಸಿದಳು. ಕಾವಲಿನವನು ಕೋಲಿನಿಂದ ತಂತಿಯನ್ನು ಬಡಿದ. ಬೆರಳು ಹಿಂದೆ ಹೋಯಿತು, ನಗುವೂ ಹೋಯಿತು.

"ಆಗಲ್ಲ," ಅಂದಳು. "ಹಡಗಿನಲ್ಲಿ ಇಪ್ಪತ್ತು ದಿನ, ಅಲ್ಲಿ ನಮ್ಮದೇ ಒಲೆ ಹಚ್ಚೋಕೆ ಬಿಡ್ತಾರಂತೆ. ನಾನಿಲ್ಲದಿದ್ರೆ ಬಾ ಏನು ತಿಂತಾರೆ? ಮುಂಬಯಿ ಮುಟ್ಟೋದರೊಳಗೆ ಸತ್ತೇ ಹೋಗ್ತಾರೆ. ನನ್ನ ಕೇಳಬೇಡಿ. ಇನ್ನೊಂದು ಸಲ ಕೇಳಿದ್ರೆ ಹೂಂ ಅಂದುಬಿಡ್ತೀನಿ, ಆಮೇಲೆ ನಮ್ಮಿಬ್ಬರಿಗೂ ಒಂದು ತುತ್ತು ಇಳಿಯಲ್ಲ."

ಗೇರುಮರದ ಕೆಳಗೆ ಬಾ ಕಣ್ಣು ಮುಚ್ಚಿ ಕೂತಿದ್ದರು. ನಿದ್ದೆ ಬಂದಿದೆ ಅಂತ ಇಬ್ಬರೂ ಅಂದುಕೊಂಡಿದ್ದರು.

ಮುಂದಿನ ಭಾನುವಾರ ಅವನು ಕಢಿ ಮಾಡಿ ತಂದ. ಮಾಡುವಾಗ ಮನಸ್ಸು ನೆಟ್ಟಗಿರಲಿಲ್ಲ, ಮಜ್ಜಿಗೆ ಒಡೆಯದಂತೆ ತಿರುವುತ್ತ ಅಳುತ್ತಿದ್ದ. ಬೇಲಿಯ ಹತ್ತಿರ ಬಂದರೆ ಬಾ ಎದ್ದು ನಿಂತಿದ್ದರು.

"ಏನು ತಂದಿದ್ದೀಯೋ ಹುಡುಗ?"

"ಕಢಿ, ಬಾ. ಅನ್ನ."

"ಬಾಯಿಗೆ ಹಾಕಿ ನೋಡಿದೆಯಾ?"

"ಇಲ್ಲ ಬಾ."

ಬಾ ಸೆರಗಿನ ಗಂಟಿನಿಂದ ಹೆಬ್ಬೆರಳುದ್ದದ ಠಾಕೋರ್‌ಜಿಯನ್ನು ತೆಗೆದು, ಪಾತ್ರೆಯ ಮುಂದೆ ಇಟ್ಟು, ಕಣ್ಣು ಮುಚ್ಚಿದರು. ಆಮೇಲೆ ಕಲಸಿ ಉಣ್ಣತೊಡಗಿದರು. ಸುತ್ತಲಿದ್ದ ಹೆಂಗಸರು ಮಾತು ನಿಲ್ಲಿಸಿ ನೋಡಿದರು. ಅರವತ್ತು ವರ್ಷದ ನೇಮ ಹೀಗೆ ಹಗಲಲ್ಲಿ, ಎಲ್ಲರ ಮುಂದೆ ಮುರಿಯುತ್ತಿತ್ತು. ಒಂದಗುಳೂ ಬಿಡದೆ ಉಂಡು ಬಾ ಕೈ ತೊಳೆದರು.

"ಉಪ್ಪೇ ಹಾಕಿಲ್ಲ, ಪೆದ್ದ," ಅಂದರು.

ಕಾಯ್ತಾನ ತಲೆ ತಗ್ಗಿಸಿದ. ಜಸು ಬಾಯಿಗೆ ಸೆರಗು ಒತ್ತಿಕೊಂಡು ನಿಂತಿದ್ದಳು, ನಗುತ್ತಿದ್ದಳೋ ಅಳುತ್ತಿದ್ದಳೋ.

ಬಾ ಮೊಮ್ಮಗಳ ಕಡೆ ತಿರುಗಿದರು. "ಇವನ ಕೈಯದು ತಿಂದಾಯ್ತು. ಇನ್ನು ಹಡಗಿನ ಅಡುಗೆಯವನದ್ದೂ ತಿಂತೀನಿ, ಯಾರದ್ದಾದರೂ ತಿಂತೀನಿ. ನೀನು ಇರ್ತೀಯೋ, ಬರ್ತೀಯೋ, ನಿನ್ನಿಷ್ಟ. ನನ್ನ ಹೊಟ್ಟೆಯನ್ನ ಮಾತ್ರ ನೆಪ ಮಾಡಬೇಡ."

"ಬಾ, ಇದ್ದುಬಿಟ್ರೆ ನಿಮ್ಮನ್ನ ಮತ್ತೆ..."

"ಮತ್ತೆ ನೋಡಲ್ಲ. ಗೊತ್ತು. ಅದನ್ನ ಯಾಕೆ ಬಾಯಲ್ಲಿ ಆಡ್ತೀಯ?"

ವಲ್ಲಭದಾಸರು ಮೂರು ದಿನ ಮಗಳ ಜೊತೆ ಮಾತಾಡಲಿಲ್ಲ. ನಾಲ್ಕನೇ ದಿನ ಒಪ್ಪಿಗೆಯ ರುಜು ಹಾಕಲು ಪೆನ್ನು ಕೇಳಿದರು. ಕಚೇರಿಯಲ್ಲಿ ಬಂದೂಕಿನ ಇಬ್ಬರು ಕಾವಲಿನವರ ನಡುವೆ ಅವಳನ್ನು ಕರೆತಂದರು. ಹೂವಿರಲಿಲ್ಲ, ನೆಂಟರಿರಲಿಲ್ಲ. ಗುಮಾಸ್ತ ಕಾಯ್ತಾನನ ಕಾಗದವನ್ನು ಬೆಳಕಿಗೆ ಹಿಡಿದು ನೋಡಿ, "ಇದೂ ಎಷ್ಟು ದಿನ ನಡೆಯುತ್ತೋ," ಅಂದ. ಇಬ್ಬರೂ ಕೇಳಿಸದವರಂತೆ ರುಜು ಹಾಕಿದರು. ಮೆಟ್ಟಿಲಿಳಿಯುವಾಗ ಅವಳು ಮೊದಲ ಸಲ ಅವನ ಹೆಸರು ಹಿಡಿದು ಕರೆದಳು, ಮೆಲ್ಲಗೆ, ಬೀದಿಗೆ ಕೇಳಿಸದಷ್ಟು.

ಮೇ ಇಪ್ಪತ್ತನಾಲ್ಕು, ಗುರುವಾರ, ಬೆಳಿಗ್ಗೆ ಒಂಬತ್ತಕ್ಕೆ ಹಡಗು ಹೊರಟಿತು. ಪಟ್ಟಿಯಲ್ಲಿ ಹೆಸರಿಲ್ಲದವರನ್ನು ಬಂದರಿನ ಒಳಗೆ ಬಿಡಲಿಲ್ಲ. ಗೇಟಿನ ಸಂದಿಯಿಂದ ನೋಡಿದರೆ ಬಿಳಿ ಸೀರೆಗಳು ಬಹಳ ಇದ್ದವು, ಬಾ ಯಾವುದು ಅಂತ ತಿಳಿಯಲಿಲ್ಲ. ವಲ್ಲಭದಾಸರು ಹೋದರು. ಬಾ ಹೋದರು. ಜಸು ಹೋಗಲಿಲ್ಲ.